ಕೆಟ್ಟವರಿಲ್ಲದ ಊರು

ಬೆಂಚಿನ ಮೇಲೆ ಇಬ್ಬರ ನಡುವೆ ಮೂರನೆಯವರೊಬ್ಬರು ಆರಾಮಾಗಿ ಕೂರುವಷ್ಟು ಜಾಗ ಉಳಿದಿತ್ತು. ಆ ಜಾಗ ಬಿಟ್ಟದ್ದು ತಾನೋ ಮೆಟ್ಟಿಲಮ್ಮನೋ ಎಂದು ಅವಳು ಹತ್ತು ನಿಮಿಷದಿಂದ ಯೋಚಿಸುತ್ತಿದ್ದಳು. ಮೆಟ್ಟಿಲಮ್ಮ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಅರ್ಧ ಕೂತಿದ್ದಳು, ಯಾರಾದರೂ ಏಳು ಎಂದರೆ ಏಳಲು ತಯಾರಾಗಿ. ಆಮೇಲೆ ಬಂದ ಇವಳು ಇನ್ನೊಂದು ತುದಿ ಹಿಡಿದಳು. ಹಾಗಾದರೆ ಬಿಟ್ಟವಳು ತಾನೇ. ಈಗ ಸರಿದು ಕೂತರೆ, ಓಹೋ ಈಗ ನೆನಪಾಯಿತಾ ಎಂದಂತಾಗುತ್ತದೆ. ಸರಿಯದಿದ್ದರೆ ಜಾಗ ಹಾಗೇ ಕಣ್ಣಿಗೆ ಹೊಡೆಯುತ್ತದೆ. ಕೊನೆಗೆ ಕೈಚೀಲವನ್ನು ನಡುವೆ ಇಟ್ಟಳು, ಜಾಗ ಬಿಟ್ಟಿದ್ದೇ ಚೀಲಕ್ಕೆ ಎನ್ನುವ ಹಾಗೆ. ಇಟ್ಟ ಮೇಲೆ ಅದು ಬೇಲಿ ಹಾಕಿದಂತೆ ಕಂಡಿತು. ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೆಟ್ಟಿಲಮ್ಮ ಇದನ್ನೆಲ್ಲ ನೋಡಿದಳೋ ಇಲ್ಲವೋ, ಎದುರಿನ ಬಾಗಿಲ ಮೇಲಿನ ಫಲಕದ ಮೇಲೆ ಕಣ್ಣು ನೆಟ್ಟಿದ್ದಳು. ಅವಳಿಗೆ ಓದು ಬಾರದು. "ಅದ್ರಲ್ಲಿ ಏನಂತ ಬರ್ದಿದೆ ಮೇಡಂ?" ಎಂದಳು. "ಕಾರ್ಮಿಕ ಅಧಿಕಾರಿ, ವಿಚಾರಣಾ ಕೊಠಡಿ ಅಂತ." "ಮತ್ತೆ ಕೆಳಗೆ, ಸಣ್ಣದಾಗಿ?" "ಮೌನವಾಗಿರಿ ಅಂತ." ಮೆಟ್ಟಿಲಮ್ಮ ತಲೆಯಾಡಿಸಿದಳು. ಇಷ್ಟು ಹೊತ್ತು ಬಾಯಿ ಬಿಡದೆ ಕೂತದ್ದು ಒಳ್ಳೆಯದೇ ಆಯಿತು ಎಂಬ ಸಮಾಧಾನ ಅವಳ ಮುಖದಲ್ಲಿತ್ತು.

ಮೆಟ್ಟಿಲಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ನಾಲ್ಕಂತಸ್ತಿನ ಕಟ್ಟಡದ ಮೆಟ್ಟಿಲುಗಳನ್ನು ಹದಿಮೂರು ವರ್ಷದಿಂದ ಮೇಲಿನಿಂದ ಕೆಳಗೆ ಒರೆಸಿಕೊಂಡು ಬಂದವಳಿಗೆ ಎರಡನೇ ಮಹಡಿಯ ಇವಳ ಆಫೀಸಿನವರು ಇಟ್ಟದ್ದು. ಅವಳ ಗಂಡ ಅದೇ ಕಟ್ಟಡದ, ಅಕ್ಕಪಕ್ಕದ ಇನ್ನೂ ಹತ್ತು ಕಟ್ಟಡಗಳ ಮೋರಿ, ಪೈಪು, ಗುಂಡಿ ಬಿಡಿಸುವವನು. ಅವನಿಗೆ ಅಡ್ಡಹೆಸರಿನ ಭಾಗ್ಯವೂ ಇರಲಿಲ್ಲ, ಬೇಕಾದಾಗ "ಏಯ್" ಎಂದರೆ ಬರುತ್ತಿದ್ದ. ಐದು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಟ್ಟಡದ ಹಿಂದಿನ ಮಲದ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಒಳಗಿನ ಕೆಟ್ಟ ಗಾಳಿ ಕುಡಿದು ಸತ್ತ. ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು ಕಾನೂನಿದೆ, ಇಳಿಸಿದವರಿಗೆ ಜೈಲಿದೆ. ಆದ್ದರಿಂದ ಯಾರೂ ಇಳಿಸಿರಲಿಲ್ಲ. ಕಟ್ಟಡದ ಉಸ್ತುವಾರಿಯವರು ಬರೆಸಿದ ಕಾಗದದಲ್ಲಿ, ಮೃತನು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ ಮುಚ್ಚಳ ಸರಿಸಿ ಇಳಿದನು ಎಂದಿತ್ತು. ಮೂರು ವಾರದ ಹಿಂದೆ ಮೆಟ್ಟಿಲಮ್ಮ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಇವಳನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿ ಕೇಳಿದ್ದಳು: "ಯಾವನಾದ್ರೂ ತಾನಾಗೇ ಅದಕ್ಕೆ ಇಳೀತಾನಾ ಮೇಡಂ? ಹುಚ್ಚನಾ ಅವ್ನು? ಸ್ಕೂಲಲ್ಲಿ ಮಗಳನ್ನ ಕೇಳ್ತಾರಂತೆ, ನಿಮ್ಮಪ್ಪ ಯಾಕೆ ಅದ್ರೊಳಗೆ ಹೋದ ಅಂತ. ಆ ಕಾಗದದಿಂದ ಆ ಮಾತು ಹೋಗ್ಬೇಕು. ಇಳ್ಸಿದ್ರು ಅಂತ ಬರೀಬೇಕು. ನಂಗಿನ್ನೇನೂ ಬೇಡ." ಆಮೇಲೆ ಮೆಟ್ಟಿಲನ್ನೇ ನೋಡುತ್ತ, "ನಿಮ್ಮ ಕಿಟಕಿಯಿಂದ ಹಿತ್ತಿಲು ಕಾಣುತ್ತಲ್ವಾ?" ಎಂದಿದ್ದಳು. ಹೌದು ಎಂದು ತಲೆಯಾಡಿಸಿದ್ದಳು ಇವಳು. ಅವಳಿಗೆ ಆ ಕ್ಷಣ ಎಂಥದೋ ಹಗುರಾಗಿತ್ತು. ಕೊನೆಗೂ ಯಾರೋ ಕೇಳಿದರಲ್ಲ. "ನೋಡಿದೀನಿ, ಬಂದು ಹೇಳ್ತೀನಿ" ಎಂದಿದ್ದಳು. ಏನೇನು ನೋಡಿದೆ, ಎಲ್ಲಿಯವರೆಗೆ ನೋಡಿದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಬೆಳಿಗ್ಗೆ ಕನ್ನಡಿಯೆದುರು ಮೂರು ಸೀರೆ ಬದಲಿಸಿದ್ದಳು. ಜರಿಯದ್ದು ಬೇಡ, ಮದುವೆಗೆ ಹೊರಟಂತಿರುತ್ತದೆ. ಬಿಳಿಯದು ಬೇಡ, ಅವಳ ದುಃಖವನ್ನು ತಾನು ಉಟ್ಟಂತಿರುತ್ತದೆ. ಕೊನೆಗೆ ಮಾಸಿದ ಹಸಿರಿನ ಹತ್ತಿ ಸೀರೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, "ಸಾಕ್ಷಿ ಹೇಳೋಕೆ ಹೊರಟಿದೀಯೋ, ಫೋಟೋ ತೆಗೆಸ್ಕೊಳ್ಳೋಕೋ?" ಎಂದರು. ಅಮ್ಮನ ನಾಲಿಗೆಗೆ ಎಲುಬಿಲ್ಲವಾದರೂ ಹಲ್ಲಿದೆ ಎಂದು ಅಪ್ಪ ಇದ್ದಾಗ ಹೇಳುತ್ತಿದ್ದರು. "ಊರ ಉಸಾಬರಿ ನಿನಗ್ಯಾಕೆ ಅಂತ ನಾನು ಹೇಳಲ್ಲ ಕಣೇ. ಹೋಗೋಳು ಅವತ್ತೇ ಹೋಗ್ಬೇಕಿತ್ತು. ಐದು ತಿಂಗಳು ಗೊಂಬೆ ಬರ್ಕೊಂಡು ಕೂತು ಈಗ ಹೋದ್ರೆ ಯಾರು ನಂಬ್ತಾರೆ?" ಗೊಂಬೆಯಲ್ಲಮ್ಮ, ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿದಳು. ನಲವತ್ತೆರಡು ಸಾವಿರ ಜನ ಫೋನಿನಲ್ಲಿ ಓದುವುದನ್ನು ಅಮ್ಮ ಗೊಂಬೆ ಎನ್ನುತ್ತಾರೆ. ಕೆಲಸದ ವಿಷಯ ಅಮ್ಮ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಉಸ್ತುವಾರಿಯವರು, ಸೊಂಟದಲ್ಲಿ ಕೀಲಿಗೊಂಚಲು ಸದ್ದು ಮಾಡಿಕೊಂಡು ಓಡಾಡುವ ಬೀಗದ ಸಾಹೇಬರು, ಅವಳ ಮಾಲೀಕರ ಖಾಸಾ ಭಾವಮೈದುನ. ನಾಳೆಯಿಂದ ಎರಡನೇ ಮಹಡಿಯಲ್ಲಿ ತನ್ನ ಮೇಜಿರುವುದಿಲ್ಲ ಎಂಬುದು ಅವಳಿಗೂ ಗೊತ್ತು, ಅಮ್ಮನಿಗೂ ಗೊತ್ತು. ಅದು ಗೊತ್ತಿದ್ದೂ ಹೊರಟಿದ್ದೇನೆ ಎಂಬ ಸಣ್ಣ ಹೆಮ್ಮೆ ಬಸ್ಸಿನುದ್ದಕ್ಕೂ ಅವಳ ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಆ ಬಿಸುಪನ್ನು ಅವಳು ಗುರುತಿಸಿದಳು, ನಾಚಿದಳು, ಬಿಡಲಿಲ್ಲ.

ಬೆಚ್ಚಗಿರುವುದೇ ಅವಳು ಕಟ್ಟಿದ ಊರಿನ ಹೆಸರು ಕೂಡ. ಹಗಲಿಡೀ ಶಾಲೆಯ ಪಠ್ಯಪುಸ್ತಕಗಳಿಗೆ ಹೂವಿನ ಭಾಗಗಳು, ಹಲ್ಲಿನ ಸೀಳುನೋಟ, ಮಳೆ ಮೋಡವಾಗಿ ಮೋಡ ಮಳೆಯಾಗುವ ಬಾಣದ ಗುರುತುಗಳು, ಇವನ್ನು ಬರೆದು ಬರೆದು ಕಣ್ಣು ಕೆಟ್ಟ ಮೇಲೆ, ಆರು ವರ್ಷದ ಹಿಂದೆ ಒಂದು ಭಾನುವಾರ ಸುಮ್ಮನೆ ಬೆಟ್ಟದ ಮೇಲೊಂದು ಊರು ಬರೆದು ಅಂತರ್ಜಾಲಕ್ಕೆ ಹಾಕಿದಳು. ಅಲ್ಲಿ ಮೊಲ ಕಂಬಳಿ ನೇಯುತ್ತದೆ, ಗೂಬೆ ಪುಸ್ತಕದಂಗಡಿ ಇಟ್ಟಿದೆ, ಕುಂಟ ಜಿಂಕೆಗೆಂದು ಊರಿನವರೇ ಸೇರಿ ಮೆಟ್ಟಿಲೆಲ್ಲ ಒಡೆದು ಇಳಿಜಾರು ಮಾಡಿದ್ದಾರೆ. ಬಾಗಿಲು ತಟ್ಟಿದವರಿಗೆಲ್ಲ ಒಳಗೆ ಒಲೆಯಿದೆ, ಒಲೆಯ ಮೇಲೆ ಏನೋ ಕುದಿಯುತ್ತಿದೆ. ಬೆಚ್ಚನೂರು. ಊರಿನ ಸುದ್ದಿ ಹೇಳುವವಳು ಅಳಿಲಕ್ಕ. ಅಳಿಲಕ್ಕ ಎಂದರೆ ಇವಳೇ, ಈಗ ಇವಳನ್ನು ಆ ಹೆಸರಿನಿಂದ ಕರೆಯುವವರೇ ಜಾಸ್ತಿ. ಯಾರು ಬಂದರು ಆ ಊರಿಗೆ! ಬಾಡಿಗೆ ಮನೆ ಸಿಗದೆ ಸುತ್ತಿದವರು, ಗಂಡೋ ಹೆಣ್ಣೋ ಎಂದು ಬೀದಿಯಲ್ಲಿ ಕೇಳಿಸಿಕೊಂಡು ಸಾಕಾದವರು, ಹುಟ್ಟಿದ ಕೇರಿಯ ಹೆಸರನ್ನು ಆಫೀಸಿನಲ್ಲಿ ಮುಚ್ಚಿಟ್ಟವರು, ಗಾಲಿಕುರ್ಚಿಯವರು. ದಿನವಿಡೀ ಜಗತ್ತಿನೊಡನೆ ಜಗಳವಾಡಿ ಬಂದು ಅವಳು ಬರೆದ ಒಲೆಯ ಮುಂದೆ ಕಾಲು ಚಾಚುತ್ತಿದ್ದರು. ಒಬ್ಬಳು ಬರೆದಿದ್ದಳು, ಅಳಿಲಕ್ಕ, ಇವತ್ತು ನಿಮ್ಮ ಊರು ಇಲ್ಲದಿದ್ದರೆ ನಾನೂ ಇರುತ್ತಿರಲಿಲ್ಲ ಎಂದು. ಇದನ್ನೆಲ್ಲ ಸುಳ್ಳೆನ್ನಲಾಗದು. ಎರಡನೇ ವರ್ಷದಿಂದ ಕಥೆಯ ಕೊನೆಗೆ ಒಂದು ಮನವಿಯೂ ಸೇರಿತು. ಜಿಂಕೆಯ ಇಳಿಜಾರಿನ ಕಥೆ ಓದಿ ಹನ್ನೊಂದು ಸಾವಿರ ಜನ ಸಹಿ ಹಾಕಿ, ಒಂದು ಆಸ್ಪತ್ರೆಯ ಬಾಗಿಲಿಗೆ ನಿಜವಾದ ಇಳಿಜಾರು ಬಂತು. ಆ ಸಂಜೆ ಅವಳು ಅತ್ತಿದ್ದಳು. ಊರ ಬಾಗಿಲ ಕಮಾನಿನ ಮೇಲೆ ಅವಳೇ ಬಳ್ಳಿಯ ಅಕ್ಷರದಲ್ಲಿ ಬರೆದ ನಿಯಮ ಒಂದಿತ್ತು: ಈ ಊರಲ್ಲಿ ಕೆಟ್ಟವರಿಲ್ಲ. ಕೆಟ್ಟವರನ್ನು ನೋಡಿ ನೋಡಿ ದಣಿದು ಬಂದವರಿಗೆ ಇಲ್ಲೂ ಅವರ ಮುಖವೇಕೆ ತೋರಿಸಬೇಕು? ಚಳಿ ಬರಬಹುದು, ಸೇತುವೆ ಮುರಿಯಬಹುದು, ಜ್ವರ ಬರಬಹುದು, ಆದರೆ ಯಾರೂ ಯಾರಿಗೂ ಏನೂ ಮಾಡಿರುವುದಿಲ್ಲ.

ಆ ಮಂಗಳವಾರ ಹನ್ನೊಂದಕ್ಕೆ ಅವಳು ನಾಲ್ಕನೇ ತರಗತಿಯ ನೀರಿನ ಚಕ್ರ ಬರೆಯುತ್ತಿದ್ದಳು. ಸಮುದ್ರಕ್ಕೆ ನೀಲಿ ತುಂಬುವಾಗ ಕೆಳಗೆ ಕೀಲಿಗೊಂಚಲಿನ ಸದ್ದು. ಹಿತ್ತಿಲಲ್ಲಿ ಬೀಗದ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದರು. ಕಲ್ಲಿನ ಮುಚ್ಚಳ ಸರಿದಿತ್ತು. ಮೆಟ್ಟಿಲಮ್ಮನ ಗಂಡ ಬಗ್ಗಿ ಒಳಗೆ ನೋಡಿ, ನೆಟ್ಟಗೆ ನಿಂತು ತಲೆ ಅಡ್ಡಡ್ಡ ಆಡಿಸಿದ. ಸಾಹೇಬರು ಬೆರಳು ಕೆಳಗೆ ತೋರಿಸಿದರು. ಆತ ಮತ್ತೆ ತಲೆಯಾಡಿಸಿ ಮೂಗಿನ ಹತ್ತಿರ ಕೈಯಾಡಿಸಿ ಏನೋ ಹೇಳಿದ, ಗಾಳಿಯ ವಿಷಯ ಇರಬೇಕು. ಸಾಹೇಬರು ಗೇಟಿನ ಕಡೆ ಕೈ ಮಾಡಿದರು. ಆಗಲ್ಲವೆಂದರೆ ನಡಿ ಎಂಬುದಕ್ಕೆ ಮಾತು ಕೇಳಿಸಬೇಕಿಲ್ಲ. ಆತ ಅಂಗಿ ಬಿಚ್ಚಿ, ಮಡಚಿ, ನಾಲ್ಕು ಮಡಿಕೆ ಮಾಡಿ, ಸಾಹೇಬರ ಸ್ಕೂಟರಿನ ಸೀಟಿನ ಮೇಲಿಟ್ಟ. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ನೆಲಕ್ಕೆ ಬಿಟ್ಟರು. ಇಷ್ಟನ್ನು ಅವಳು ನೋಡಿದಳು. ಅಂಗಿ ಬಿದ್ದಾಗ ಅವಳಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು, ಕಿಟಕಿಯ ಸರಳು ಹಿಡಿದು "ಸಾರ್!" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಗಾಳಿ ತಿರುಗಿತು. ತೆರೆದ ಗುಂಡಿಯ ನಾತ ಎರಡನೇ ಮಹಡಿಗೆ ನುಗ್ಗಿತು. ಹಿಂದಿನ ಮೇಜಿನವರು "ಅಯ್ಯೋ, ಮುಚ್ರೀ ಅದನ್ನ" ಎಂದರು. ತೆರೆದಿದ್ದ ಬಾಯಿಯನ್ನೂ ಕಿಟಕಿಯನ್ನೂ ಅವಳು ಒಟ್ಟಿಗೆ ಮುಚ್ಚಿದಳು. ಚಿಲಕ ಹಾಕಿದಳು. ಸಮುದ್ರಕ್ಕೆ ಉಳಿದ ನೀಲಿ ತುಂಬಿದಳು. ಇಪ್ಪತ್ತು ನಿಮಿಷದ ಮೇಲೆ ಮೆಟ್ಟಿಲುಗಳಲ್ಲಿ ಯಾರೋ ಕೂಗುತ್ತ ಇಳಿದು ಓಡಿದರು. ಬಕೆಟ್ಟು ಉರುಳಿದ ಸದ್ದು. ಮೆಟ್ಟಿಲಮ್ಮ ಎಂದು ಆಗಲೇ ಗೊತ್ತಾಗಿತ್ತು.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅಳಿಲಕ್ಕ ಚಿಪ್ಪಣ್ಣನನ್ನು ಬರೆದಳು. ಭೂಮಿ ಅಗೆಯುವ, ಮೈತುಂಬ ಚಿಪ್ಪಿನ, ಮಾತು ಕಮ್ಮಿಯ ಪ್ರಾಣಿ. ಚಿಪ್ಪುಹಂದಿ ಎನ್ನಲು ಹೋಗಿ, ಸತ್ತವನ ಕೇರಿಯವರಿಗೆ ಹಂದಿ ಎಂಬ ಬೈಗುಳ ಬೀಳುವುದು ನೆನಪಾಗಿ, ಬರೀ ಚಿಪ್ಪಣ್ಣ ಎಂದಳು. ಎಷ್ಟು ನಾಜೂಕು ನೋಡಿ! ಒಂದು ಮಾತು ನೋಯಿಸಬಾರದೆಂದು ಅಷ್ಟು ತಲೆ ಓಡಿಸಿದವಳು, ಇಳಿಸಿದವನನ್ನು ಎಲ್ಲಿಡುವುದು ಎಂಬಲ್ಲಿಗೆ ಬಂದಾಗ ಕೈ ಚೆಲ್ಲಿದಳು. ಕೀಲಿಗೊಂಚಲಿನ ಒಂದು ತೋಳವನ್ನು ಬರೆದದ್ದುಂಟು. ಚೆನ್ನಾಗಿಯೇ ಬಂದಿತ್ತು, ಕರ್ಚೀಫು ಸಮೇತ. ಅರ್ಧ ಗಂಟೆ ಅದನ್ನೇ ನೋಡಿದಳು. ಇದನ್ನು ಬೀಗದ ಸಾಹೇಬರ ಮಕ್ಕಳು ನೋಡಿದರೆ? ಮಾಲೀಕರು ನೋಡಿದರೆ? ಹಾಗೆಂದು ನೇರವಾಗಿ ಯೋಚಿಸುವಷ್ಟು ಅವಳು ಕೀಳಲ್ಲ, ಅಥವಾ ಅಷ್ಟು ಪ್ರಾಮಾಣಿಕಳಲ್ಲ. ಊರಿನ ನಿಯಮ ಇದೆಯಲ್ಲ ಎಂದುಕೊಂಡಳು. ದುಃಖದಲ್ಲಿರುವವರಿಗೆ ತೋಳ ಬೇಕಿಲ್ಲ, ಒಲೆ ಬೇಕು. ತೋಳವನ್ನು ಅಳಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹನ್ನೊಂದು ಚಿತ್ರಗಳ ಆ ಕಥೆ ಅವಳು ಬರೆದುದರಲ್ಲೆಲ್ಲ ಚೆಂದದ್ದು ಎಂದು ಎಲ್ಲರೂ ಅಂದರು. ಒಬ್ಬರು ಮಾತ್ರ ಕೇಳಿದರು. ಮೊದಲ ವರ್ಷದಿಂದ ಇದ್ದ, ಆಮೆ ಎಂಬ ಹೆಸರಿನ, ಗಾಲಿಕುರ್ಚಿಯ ಹುಡುಗಿ: "ಕಥೆ ಚೆನ್ನಾಗಿದೆ ಅಳಿಲಕ್ಕ. ಆದ್ರೆ ಚಿಪ್ಪಣ್ಣನ್ನ ಇಳ್ಸಿದ್ದು ಯಾರು?" ಕೆಳಗೆ ಇನ್ನೂ ನಾಲ್ಕು ಜನ ಹೌದು ಹೌದು ಎಂದರು. ಜಗಳ ಹತ್ತಿಕೊಳ್ಳುವ ವಾಸನೆ ಬಡಿಯಿತು. ಅಳಿಲಕ್ಕ ಆ ಪ್ರಶ್ನೆಯನ್ನು ತೆಗೆದು ಹಾಕಿ, ‘ಪ್ರಿಯ ಆಮೆ, ಊರಿನ ನೆಮ್ಮದಿಗಾಗಿ ತೆಗೆದಿದ್ದೇವೆ, ಒಲೆಯ ಹತ್ತಿರ ಬಾ’ ಎಂದು ಬರೆದಳು. ಆಮೆ ಊರು ಬಿಟ್ಟು ಹೋದಳು, ಬಾಗಿಲು ಹಾಕಿಕೊಂಡ ಸದ್ದೂ ಇಲ್ಲದೆ.

ಕಥೆಯ ಕೊನೆಗೆ ಎಂದಿನಂತೆ ಮನವಿ. ಗುಂಡಿಯಲ್ಲಿ ಸತ್ತವನ ಕುಟುಂಬಕ್ಕೆ ನ್ಯಾಯ ಕೊಡಿ. ಹದಿನೆಂಟು ಸಾವಿರ ಸಹಿ. ಅದನ್ನು ಅಚ್ಚು ಹಾಕಿಸಿ, ದಪ್ಪ ರಟ್ಟು ಹೊದಿಸಿ, ಇದೇ ಕಚೇರಿಗೆ ಅವಳೇ ತಂದು ಕೊಟ್ಟಿದ್ದಳು. ರಸೀದಿಯ ಮೇಲೆ ಬಿದ್ದ ಮೊಹರನ್ನೂ ಫೋಟೋ ತೆಗೆದು ಊರಿನವರಿಗೆ ತೋರಿಸಿದ್ದಳು.

"ಕರೀತಿದಾರೆ," ಎಂದು ಮೆಟ್ಟಿಲಮ್ಮ ಎದ್ದು ನಿಂತಳು.

ಕೋಣೆ ಚಿಕ್ಕದು. ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡ, ಊಟದ ಹೊತ್ತನ್ನು ಎದುರು ನೋಡುವ ಮನುಷ್ಯ. ಪಕ್ಕದಲ್ಲಿ ಬೆರಳಚ್ಚಿನ ಗುಮಾಸ್ತೆ. ಆಚೆ ಬದಿ ಬೀಗದ ಸಾಹೇಬರು, ಇವತ್ತು ಸೊಂಟದಲ್ಲಿ ಕೀಲಿಯಿಲ್ಲ. ಅದಿಲ್ಲದೆ ಅರ್ಧ ಮೈ ಕಳೆದುಕೊಂಡವರ ಹಾಗೆ ಕೂತಿದ್ದರು. ಇವಳನ್ನು ನೋಡಿ ಸಿಟ್ಟಾಗಲಿಲ್ಲ, ಬಂದಿಯಾ ತಾಯಿ ಎಂಬಂತೆ ನಕ್ಕರು. ಅವರ ವಕೀಲರು ಮೆದು ದನಿಯ, ಒಪ್ಪವಾಗಿ ತಲೆ ಬಾಚಿದ ಯುವಕ. ಎದ್ದು ನಿಂತು ಇವಳಿಗೆ ಕುರ್ಚಿ ಸರಿಸಿದರು. ಮೆಟ್ಟಿಲಮ್ಮನಿಗೆ ಯಾರೂ ಸರಿಸಲಿಲ್ಲ. ಅವಳು ಗೋಡೆಗೆ ನಿಂತಳು.

ಅಧಿಕಾರಿ ಕೇಳಿದರು, ಅವಳು ಹೇಳಿದಳು. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. ತಲೆ ಅಡ್ಡಡ್ಡ ಆಡಿಸಿದ್ದು, ಬೆರಳು ತೋರಿಸಿದ್ದು, ಗೇಟಿನ ಕಡೆ ಕೈ ಮಾಡಿದ್ದು, ಅಂಗಿ. ಅಂಗಿಯ ಮಾತು ಬಂದಾಗ ಗೋಡೆಯ ಕಡೆಯಿಂದ ಒಂದು ಉಸಿರು ಕೇಳಿತು. ಆ ಅಂಗಿ ನೆಲದ ಮೇಲೆ ಹೇಗೆ ಬಂತೆಂದು ಮೆಟ್ಟಿಲಮ್ಮನಿಗೆ ಗೊತ್ತಾದದ್ದು ಈಗಲೇ. ಗುಮಾಸ್ತೆಯ ಎರಡು ಬೆರಳು ಟಕಟಕ ಎನ್ನುತ್ತಿದ್ದವು, ಅವಳ ಮಾತು ಕಾಗದವಾಗುತ್ತಿತ್ತು. ಇಷ್ಟೇ ತಾನೇ, ಎಂದುಕೊಂಡಳು. ಇಷ್ಟು ಸುಲಭದ್ದಕ್ಕೆ ಐದು ತಿಂಗಳು ಬೇಕಾಯಿತೇ.

"ತುಂಬ ಸ್ಪಷ್ಟವಾಗಿ ಹೇಳಿದ್ರಿ ಮೇಡಂ," ಎಂದರು ವಕೀಲರು. "ಎರಡೇ ಎರಡು ಪ್ರಶ್ನೆ. ನನ್ನ ಮಗಳು ನಿಮ್ಮ ಬೆಚ್ಚನೂರು ಓದದೆ ಮಲಗಲ್ಲ, ಅದಕ್ಕೆ ಕೇಳೋಕೂ ಒಂಥರಾ ಆಗುತ್ತೆ. ನೀವು ಕೊನೆಗೆ ನೋಡಿದ್ದು ಅಂಗಿ ನೆಲಕ್ಕೆ ಬಿದ್ದದ್ದು. ಆಮೇಲೆ?"

"ಆಮೇಲೆ..."

"ನಮ್ಮ ಕಕ್ಷಿದಾರರು ಹೇಳೋದೇನಂದ್ರೆ, ಅವನು ಆಗಲ್ಲ ಅಂದ ಮೇಲೆ ಸರಿ ಮನೆಗೆ ಹೋಗಪ್ಪ ಅಂದ್ರು, ಗೇಟ್ ತೋರಿಸಿದ್ರು, ತಾವು ಮುಂದಿನ ಬಾಗಿಲಿಗೆ ಹೋದ್ರು. ಗೇಟ್ ತೋರಿಸಿದ್ದನ್ನ ನೀವೂ ಹೇಳಿದ್ರಿ, ಥ್ಯಾಂಕ್ಸ್. ಇವರು ಆ ಕಡೆ ಹೋದ ಮೇಲೆ ಅವನೇ ಇಳಿದಿರಬಹುದಲ್ವಾ? ಇಳಿಯುವಾಗ ಇವರು ಅಲ್ಲಿ ನಿಂತಿದ್ದನ್ನ ನೋಡಿದ್ರಾ?"

"ಇಲ್ಲ."

"ಇಳಿದದ್ದನ್ನಾದ್ರೂ?"

"ಇಲ್ಲ. ಕಿಟಕಿ ಮುಚ್ಚಿದೆ."

"ಅಷ್ಟು ಹೊತ್ತು ನೋಡಿ, ಅಲ್ಲಿಗೇ ಸರಿಯಾಗಿ ಮುಚ್ಚಿದ್ರಿ. ಯಾಕೆ?"

ಬೆಣ್ಣೆಯಿಂದ ಕೂದಲು ತೆಗೆದಂತೆ ಕೇಳಿದರು. ಅವಳಿಗೆ ಉತ್ತರ ಗೊತ್ತಿತ್ತು. ಕೋಣೆಯಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ. ತಲೆನೋವು ಎನ್ನಬಹುದಿತ್ತು. ಬಿಸಿಲು ಎನ್ನಬಹುದಿತ್ತು, ಕಾಗದ ಹಾರುತ್ತಿತ್ತು ಎನ್ನಬಹುದಿತ್ತು. ಸುಳ್ಳು ಹೇಳಲು ಬಂದವಳಲ್ಲ ತಾನು ಎಂಬ ಹೊಸ ಹುರುಪು, ಅಂಗಿಯ ಮಾತಿನವರೆಗೆ ತಂದು ನಿಲ್ಲಿಸಿದ್ದ ಅದೇ ಹುರುಪು, ಅವಳ ಬಾಯಿಂದ ಆ ಮಾತನ್ನೂ ಎಳೆದು ಹಾಕಿತು.

"ವಾಸನೆ ಬಂತು."

ಗುಮಾಸ್ತೆ ಟಕಟಕ ಬಡಿದ. ಅವಳು ಗೋಡೆಯ ಕಡೆ ತಿರುಗಿ ನೋಡಲಿಲ್ಲ. ಹದಿಮೂರು ವರ್ಷ ಆ ವಾಸನೆಯನ್ನು ಮೈಮೇಲೆ ಹೊತ್ತು ಸಂಜೆ ಮನೆಗೆ ಬರುತ್ತಿದ್ದವನಿಗೆ ಬಿಸಿನೀರು ಕಾಯಿಸಿದವಳು ಅಲ್ಲಿ ನಿಂತಿದ್ದಾಳೆ. ಆಫೀಸಿನಲ್ಲಿ ಎಲ್ಲರೂ ಮೆಟ್ಟಿಲಮ್ಮನಿಗೆ ನೀನು, ಹೋಗು, ಬಾ ಎನ್ನುವಾಗ ತಾನೊಬ್ಬಳೇ ನೀವು, ಬನ್ನಿ ಎನ್ನುವುದು ಅವಳ ನೆನಪಿಗೆ ಬಂತು. ಆ ನೀವು ಈಗ ಎಲ್ಲಿ ಅಡಗಿತ್ತೋ.

"ಎರಡನೇದು," ಎಂದು ವಕೀಲರು ಕಡತದಿಂದ ದಪ್ಪ ರಟ್ಟಿನ ಕಟ್ಟೊಂದನ್ನು ಎಳೆದರು. ಅದನ್ನು ಅವಳು ದೂರದಿಂದಲೇ ಗುರುತಿಸಿದಳು. ರಟ್ಟಿನ ಮೂಲೆಗೆ ತಾನೇ ಅಂಟಿಸಿದ ಪುಟ್ಟ ಎಲೆಯ ಚಿತ್ರ. "ಇದು ನೀವೇ ಕೊಟ್ಟ ಮನವಿ. ಮೊದಲ ಪುಟದಲ್ಲಿ ನಿಮ್ಮ ಬರಹ. ಘಟನೆ ಆದ ಮೂರನೇ ದಿನದ್ದು, ಅಂದ್ರೆ ನೆನಪು ಹಸಿಯಾಗಿದ್ದಾಗಿನದು. ತಲೆಬರಹದ ಕೆಳಗೆ, ‘ಇದು ಬರೀ ಕಥೆಯಲ್ಲ, ನಮ್ಮ ಕಣ್ಣೆದುರೇ ನಡೆದದ್ದು’ ಅಂತ ಇದೆ. ನಿಮ್ಮ ಮಾತೇ ಅಲ್ವಾ?"

"ಹೌದು. ಆದ್ರೆ ಅದು..."

"ಓದ್ತೀನಿ ಸಾರ್, ಸ್ವಲ್ಪವೇ ಇದೆ." ವಕೀಲರು ಚೆನ್ನಾಗಿ ಓದಿದರು. ಮಗಳಿಗೆ ಓದಿ ಓದಿ ಅಭ್ಯಾಸವಾಗಿರಬೇಕು. "ಅಂದು ಬೆಚ್ಚನೂರಿನ ಬೇರುಗಳಿಗೆಲ್ಲ ಬಾಯಾರಿತ್ತು. ನೆಲದಡಿಯ ಒರತೆಗೆ ಏನೋ ಅಡ್ಡ ಬಿದ್ದಿತ್ತು. ಯಾರೂ ಚಿಪ್ಪಣ್ಣನಿಗೆ ಇಳಿ ಅನ್ನಲಿಲ್ಲ. ಊರಿನ ಮೇಲಿನ ಪ್ರೀತಿಗೆ ತಾನಾಗಿಯೇ ಎದ್ದ. ನೀವೆಲ್ಲ ಬೆಚ್ಚಗಿರಿ, ಇದೋ ಬಂದೆ, ಎಂದು ನಕ್ಕು ಕತ್ತಲೊಳಗೆ ಇಳಿದ. ಒರತೆ ಹರಿಯಿತು. ಚಿಪ್ಪಣ್ಣ ಬರಲಿಲ್ಲ. ಆದರೆ ಆ ವರ್ಷ ಊರಿನ ಪ್ರತಿ ಮರದ ಬುಡದಲ್ಲೂ ಒಂದೊಂದು ಪುಟ್ಟ ದೀಪ ಹೊತ್ತಿಕೊಂಡಿತು."

ಗುಮಾಸ್ತೆ ಬೆರಳು ನಿಲ್ಲಿಸಿ ಕೇಳುತ್ತಿದ್ದ. ಅಧಿಕಾರಿಯ ಮುಖವೂ ಮೆತ್ತಗಾಗಿತ್ತು. ಎಂಥ ಚೆಂದದ ಬರಹ! ಅದರ ಚೆಂದ ಆ ಚಿಕ್ಕ ಕೋಣೆಯಲ್ಲಿ ತುಂಬಿಕೊಂಡು ಅವಳಿಗೆ ಉಸಿರು ಕಟ್ಟಿತು.

"ಅದು ಕಥೆ ಸಾರ್," ಎಂದಳು ಅಧಿಕಾರಿಗೆ. "ನಮ್ಮ ಊರಲ್ಲಿ... ಅಂದ್ರೆ ಆ ಕಥೆಗಳಲ್ಲಿ ಕೆಟ್ಟವರನ್ನ ಬರೆಯೋ ಹಾಗಿಲ್ಲ. ಅದೊಂದು ನಿಯಮ."

"ಯಾರು ಮಾಡಿದ ನಿಯಮ?"

"ನಾನೇ."

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. "ಕಥೆ ಅಂದ್ರೆ ಮನವಿಗೆ ಯಾಕಮ್ಮ ಹೊಲಿದ್ರಿ? ಹದಿನೆಂಟು ಸಾವಿರ ಜನ ಇದಕ್ಕೇ ಸಹಿ ಹಾಕಿದಾರೆ. ಯಾರೂ ಇಳಿ ಅನ್ನಲಿಲ್ಲ ಅಂತ ಹದಿನೆಂಟು ಸಾವಿರ ಜನ ಹೇಳ್ತಿದಾರೆ ಅಂತಲೇ ನಾನು ತಿಳ್ಕೋಬೇಕಾಗುತ್ತೆ."

"ಅವರಲ್ಲಿ ಮೊದಲನೆಯವರು," ಎಂದು ವಕೀಲರು ಮೊದಲ ಪುಟವನ್ನು ಬೆಳಕಿಗೆ ಹಿಡಿದರು. ಕಥೆಯ ಕೆಳಗೆ, ಬಳ್ಳಿಯ ಅಂಚಿನೊಳಗೆ, ನೇರಳೆ ಶಾಯಿಯ ಒಂದು ಹೆಬ್ಬೆಟ್ಟು. "ಮೃತನ ಹೆಂಡತಿ."

ಅದನ್ನು ಒತ್ತಿಸಿದ್ದೂ ಇವಳೇ. ಆಫೀಸಿನ ಬಾಗಿಲಲ್ಲಿ, ನಿಂತ ನಿಲುವಿನಲ್ಲಿ, ನಿಮ್ಮ ಗುರುತೇ ಮೊದಲು ಇರಬೇಕು ಎಂದು, ಶಾಯಿಯ ಡಬ್ಬಿ ತಾನೇ ಹಿಡಿದು. ಮೆಟ್ಟಿಲಮ್ಮ ಕೈ ಒರೆಸಿಕೊಂಡು, "ಏನ್ ಬರ್ದಿದೆ ಮೇಡಂ ಇದ್ರಲ್ಲಿ?" ಎಂದು ಕೇಳಿದ್ದಳು. ನಿಮಗೆ ನ್ಯಾಯ ಕೊಡಬೇಕು ಅಂತ ಎಂದಿದ್ದಳು ಇವಳು. ಓದಿ ಹೇಳಿರಲಿಲ್ಲ. ಓದಿ ಹೇಳುವುದನ್ನು ಮರೆತದ್ದೋ, ಗಂಡ ಸತ್ತವಳೆದುರು ದೀಪದ ಕಥೆ ಓದಲು ನಾಲಿಗೆ ಏಳದೆ ಹೋದದ್ದೋ, ಈಗ ಕೇಳಿದರೆ ಯಾವುದನ್ನು ಹೇಳಿದರೂ ಅರ್ಧ ಸುಳ್ಳು.

"ನಿಂದೇನಮ್ಮ ಈ ಹೆಬ್ಬೆಟ್ಟು?" ಎಂದು ಅಧಿಕಾರಿ ಕೇಳಿದರು. ಮೆಟ್ಟಿಲಮ್ಮ ಮುಂದೆ ಬಂದು, ಬಗ್ಗಿ, ಕಾಗದ ನೋಡಿ, ತನ್ನ ಹೆಬ್ಬೆರಳನ್ನೂ ಒಮ್ಮೆ ನೋಡಿಕೊಂಡು, "ನಂದೇ" ಎಂದಳು. ಮತ್ತೆ ಹೋಗಿ ಗೋಡೆಗೆ ನಿಂತಳು.

ಅಧಿಕಾರಿ ಗುಮಾಸ್ತೆಗೆ ಹೇಳಿ ಬರೆಸತೊಡಗಿದರು. ಸಾಕ್ಷಿಯು ಇಳಿಯುವುದನ್ನು ಕಂಡಿಲ್ಲ. ಸಾಕ್ಷಿಯ ಇಂದಿನ ಹೇಳಿಕೆಯು, ಮೃತನ ಪತ್ನಿಯೂ ಒಪ್ಪಿ ಹೆಬ್ಬೆಟ್ಟು ಒತ್ತಿರುವ ಹಿಂದಿನ ಲಿಖಿತ ಹೇಳಿಕೆಗೆ ವಿರುದ್ಧವಾಗಿದೆ. ಮೃತನು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ. ಬೀಗದ ಸಾಹೇಬರು ಹೊರಗೆ ಹೋಗುವಾಗ ಬಾಗಿಲು ಹಿಡಿದು ನಿಂತು ಇವಳಿಗೆ ದಾರಿ ಬಿಟ್ಟರು. "ನಾಳೆ ಆಫೀಸಿಗೆ ಬಾಮ್ಮ," ಎಂದರು. "ಮನಸ್ಸಿಗೇನೂ ಹಚ್ಕೋಬೇಡ. ನಂಗೇನೂ ಬೇಜಾರಿಲ್ಲ." ಕಳೆದುಕೊಳ್ಳಲು ತಯಾರಾಗಿ ಬಂದಿದ್ದ ಕೆಲಸವನ್ನು ಅವರು ಹೀಗೆ ವಾಪಸು ಅವಳ ಮಡಿಲಿಗೆ ಹಾಕಿ ಹೋದರು. ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಆವರೆಗೆ ಆಗಿರಲಿಲ್ಲ. ಆದರೂ ಒಳಗೊಂದು ಮೂಲೆಯಲ್ಲಿ ಸಣ್ಣಗೆ ಉಸಿರು ಬಿಟ್ಟಂತಾಯಿತು, ಅದನ್ನೂ ಅವಳು ಕಂಡಳು.

ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಬಿಸಿಲು. ನೆರಳಿನ ಪಟ್ಟಿ ಒಂದೇ ಇದ್ದುದರಿಂದ ಇಬ್ಬರೂ ಹತ್ತಿರ ನಿಲ್ಲಬೇಕಾಯಿತು. ಏನಾದರೂ ಹೇಳಬೇಕು. ಮೇಲಿನ ಕಚೇರಿಗೆ ಹೋಗೋಣ, ನಾನು ಮತ್ತೆ ಬರೆಯುತ್ತೇನೆ, ಈ ಸಲ ಎಲ್ಲ ಹೆಸರು ಹಾಕಿ ಬರೆಯುತ್ತೇನೆ. ಗಂಟಲವರೆಗೆ ಬಂದ ಮಾತುಗಳೆಲ್ಲ ಬೆಚ್ಚನೂರಿನ ಮಾತಿನ ಹಾಗೆ ಕೇಳಿಸಿ ಅವಳು ಸುಮ್ಮನಾದಳು. ಕ್ಷಮಿಸಿ ಎಂದರೆ, ಪಾಪ ಬಿಡಿ ಮೇಡಂ ಎಂದು ಮೆಟ್ಟಿಲಮ್ಮನೇ ಸಮಾಧಾನ ಹೇಳಬೇಕಾಗುತ್ತದೆ; ಆ ಕೆಲಸವನ್ನೂ ಅವಳ ತಲೆಗೆ ಕಟ್ಟಬಾರದು. ಬೈಯಲಿ ಎಂದು ಕಾದಳು. ಮೆಟ್ಟಿಲಮ್ಮ ಬೈಯಲಿಲ್ಲ. ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡು, ರಸ್ತೆ ನೋಡುತ್ತ, ಬಹಳ ಹೊತ್ತಿನಿಂದ ಯೋಚಿಸುತ್ತಿದ್ದುದನ್ನು ಕೇಳುವವಳಂತೆ ಕೇಳಿದಳು.

"ಆ ಕಥೇಲಿ ಅವ್ನಿಗೆ ಹೆಂಡ್ತಿ ಇದಾಳಾ ಮೇಡಂ?"

ಅವಳು ಹನ್ನೊಂದು ಚಿತ್ರಗಳನ್ನೂ ಒಂದೊಂದಾಗಿ ನೆನಪು ಮಾಡಿಕೊಂಡಳು. ಕಂಬಳಿಯ ಮೊಲ, ಗೂಬೆ, ಬೇರುಗಳು, ಒರತೆ, ದೀಪ ನೋಡಲು ಬಂದ ಮರಿಗಳು. ಯಾರೂ ಬಿಟ್ಟುಹೋಗದಂತೆ ಊರಿನವರನ್ನೆಲ್ಲ ಬರೆದಿದ್ದಳು.

"ಇ‌ಲ್ಲ," ಎಂದಳು.

ಮೆಟ್ಟಿಲಮ್ಮ ತಲೆಯಾಡಿಸಿದಳು. ಬಸ್ಸು ಬಂತು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ತಿರುಗಿ ನೋಡದೆ ಹೇಳಿದಳು.

"ಇದ್ದಿದ್ರೆ ಕೇಳಿರೋಳು, ಯಾರು ಇಳ್ಸಿದ್ದು ಅಂತ."

ಒಳಗೆ ಸೀಟುಗಳು ಖಾಲಿಯಿದ್ದವು. ಅದು ಅವಳೂ ಹತ್ತಬೇಕಿದ್ದ ಬಸ್ಸೇ. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, ಬರ್ತೀರಾ ಇಲ್ವಾ ಎಂದು ಎರಡು ಸಲ ಕೇಳಿದ. ಅವಳು ಹತ್ತಲಿಲ್ಲ.